ಆಪ್ತವಾಕ್ಯವೂ ಗಾಳಿಮಾತೂ: ಅಮೆರಿಕದ ರಾಜಕಾರಣದಿಂದ ಒಂದು ಪಾಠ

ತಿಳಿವಳಿಕೆಗೆ ಆಧಾರವಾದ ಪ್ರಮಾಣಗಳು ನಾಲ್ಕೆಂದು ನೈಯಾಯಿಕರ ಮತ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಇವುಗಳಲ್ಲಿ ನಾವು ನಿತ್ಯಜೀವನದಲ್ಲಿ ಅತಿ ಹೆಚ್ಚಾಗಿ ಅವಲಂಬಿಸುವುದು ಕೊನೆಯದಾದ ಶಬ್ದವನ್ನು. ಅಮೆರಿಕವನ್ನು ಕಣ್ಣಾರೆ ಕಾಣದವರೂ ಅಂಥದೊಂದು ದೇಶವಿದೆಯೆಂಬುದನ್ನು ಸಂಶಯಿಸುವುದಿಲ್ಲ. ಇನ್ನೊಬ್ಬರ ಮಾತನ್ನು ನಂಬಿಯೇ ಲೋಕವ್ಯವಹಾರ ಸಾಗುತ್ತದೆ.

ಆದರೆ ಆಡಿದ ಮಾತೆಲ್ಲವೂ ಪ್ರಮಾಣವಲ್ಲ. ಆಪ್ತನಾಡಿದ ಮಾತು ಮಾತ್ರ ಪ್ರಮಾಣ. ಈ ‘ಆಪ್ತ’ ಶಬ್ದದ ಗತಿ ವಿಚಾರಾರ್ಹವಾದುದು. ಇಂದಿನ ಕನ್ನಡದಲ್ಲಿ ಆಪ್ತನೆಂದರೆ ಹತ್ತಿರದ ಸ್ನೇಹಿತ, ನಮ್ಮವನು. ಶಾಸ್ತ್ರದಲ್ಲಿ ಹಾಗಲ್ಲ. ವಸ್ತುವನ್ನು ಸಾಕ್ಷಾತ್ತಾಗಿ ಅರಿತವನೂ, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನೂ ಆಪ್ತ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಸ್ಪಷ್ಟಪಡಿಸಿದ್ದಾನೆ. ಅಂದಮೇಲೆ ನಮ್ಮವನಾದ ಮಾತ್ರಕ್ಕೆ ಒಬ್ಬನು ಆಪ್ತನಾಗುವುದಿಲ್ಲ. ಪರಕೀಯನಾದ ಮಾತ್ರಕ್ಕೆ ಅನಾಪ್ತನಾಗುವುದೂ ಇಲ್ಲ.

ಈ ವಿಚಾರವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಶಾಲೆಯಲ್ಲಿ ಓದಿ ಅಮೆರಿಕದಲ್ಲಿ ನೆಲೆಸಿರುವ ಶಿಷ್ಯರೊಬ್ಬರು ಊರಿಗೆ ಬಂದಿದ್ದಾಗ ಹೀಗೆಂದರು: “ಗುರುಗಳೇ, ನಮಗೂ ನೆರೆಯವರಿಗೂ ನಡುವೆ ಇರುವುದು ಒಂದು ಬೇಲಿ ಮಾತ್ರ. ಆದರೆ ಅವರು ನೋಡುವ ಸುದ್ದಿಯೇ ಬೇರೆ, ನಾವು ನೋಡುವ ಸುದ್ದಿಯೇ ಬೇರೆ. ಚುನಾವಣೆಯಲ್ಲಿ ಗೆದ್ದವರು ಯಾರೆಂಬುದರಲ್ಲಿಯೂ ನಮ್ಮಲ್ಲಿ ಒಮ್ಮತವಿಲ್ಲ. ಮಕ್ಕಳಿಗೆ ಏನೆಂದು ಹೇಳಲಿ?” ಆ ಪ್ರಶ್ನೆಗೆ ನನಗೆ ತಿಳಿದಮಟ್ಟಿಗೆ ಉತ್ತರ ಹುಡುಕುವ ಯತ್ನವೇ ಈ ಲೇಖನ.

ಹಳೆಯ ರೋಗ

ಅಮೆರಿಕದಲ್ಲಿ ಪಿತೂರಿಯ ಕಥೆಗಳು ಇತ್ತೀಚಿನವೆಂದು ಭಾವಿಸುವುದು ತಪ್ಪು; ಅವು ಗಣರಾಜ್ಯದಷ್ಟೇ ಹಳೆಯವು. ಜರ್ಮನಿಯ ಬವೇರಿಯದಲ್ಲಿ 1776ರಲ್ಲಿ ಸ್ಥಾಪಿತವಾದ ಇಲ್ಯುಮಿನಾಟಿ ಎಂಬ ಗುಪ್ತಸಂಘವನ್ನು ಅಲ್ಲಿಯ ಅರಸನು 1785ರ ವೇಳೆಗೆ ನಿಷೇಧಿಸಿದ್ದನು. ಆದರೂ 1798ರ ಮೇ 9ರಂದು ಬಾಸ್ಟನ್ ನಗರದಲ್ಲಿ ಜೆಡಿಡಯಾ ಮೋರ್ಸ್ ಎಂಬ ಪಾದ್ರಿಯು, ಆ ಸಂಘವು ಅಮೆರಿಕದ ಧರ್ಮವನ್ನೂ ಸರ್ಕಾರವನ್ನೂ ಬುಡಮೇಲು ಮಾಡಲು ಹೊಂಚುಹಾಕಿದೆಯೆಂದು ಪ್ರವಚನ ಮಾಡಿದನು. ಫ್ರಾನ್ಸಿನೊಡನೆ ಯುದ್ಧವಾದೀತೆಂಬ ಭಯ ಆಗ ಹಬ್ಬಿತ್ತು; ಭಯದ ನೆಲದಲ್ಲಿ ಬೀಜ ಬೇಗ ಮೊಳೆಯಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಸರ್ಕಾರವನ್ನು ಟೀಕಿಸುವ ಪತ್ರಿಕೆಗಳನ್ನು ದಂಡಿಸುವ ರಾಜದ್ರೋಹ ಶಾಸನವೂ ಜಾರಿಗೆ ಬಂದಿತು.

ಪತ್ರಿಕೆಗಳಾದರೂ ಆಗ ನಿಷ್ಪಕ್ಷಪಾತವಾಗಿದ್ದವೇ? ಇಲ್ಲ. ಜಾನ್ ಫೆನೊ 1789ರಲ್ಲಿ ಆರಂಭಿಸಿದ ಪತ್ರಿಕೆಗೆ ಹಣಕಾಸು ಸಚಿವ ಹ್ಯಾಮಿಲ್ಟನ್ನನ ಆಶ್ರಯವಿತ್ತು. ಅದಕ್ಕೆ ಪ್ರತಿಯಾಗಿ 1791ರಲ್ಲಿ ಹೊರಟ ನ್ಯಾಷನಲ್ ಗೆಜೆಟ್ ಪತ್ರಿಕೆಯ ಸಂಪಾದಕ ಫಿಲಿಪ್ ಫ್ರೆನೊನಿಗೆ ವಿದೇಶಾಂಗ ಸಚಿವ ಜೆಫರ್‌ಸನ್ ತನ್ನ ಇಲಾಖೆಯಲ್ಲಿಯೇ ಭಾಷಾಂತರಕಾರನ ಕೆಲಸ ಕೊಟ್ಟಿದ್ದನು. ಒಂದೇ ಮಂತ್ರಿಮಂಡಲದ ಇಬ್ಬರು ಸಚಿವರು ಎರಡು ಪತ್ರಿಕೆಗಳ ಮರೆಯಲ್ಲಿ ನಿಂತು ಹೋರಾಡಿದರು.

ಮುಂದೆ 1826ರಲ್ಲಿ ನ್ಯೂಯಾರ್ಕ್ ರಾಜ್ಯದ ಬಟೇವಿಯದಲ್ಲಿ, ಫ್ರೀಮೇಸನ್ ಸಂಘದ ರಹಸ್ಯಗಳನ್ನು ಪ್ರಕಟಿಸಹೊರಟ ವಿಲಿಯಂ ಮಾರ್ಗನ್ ಎಂಬಾತ ಕಣ್ಮರೆಯಾದನು. ಅಪಹರಣ ನಡೆದದ್ದು ನಿಜ. ಆದರೆ ಆ ಒಂದು ಅಪರಾಧದಿಂದ ದೇಶವೆಲ್ಲವೂ ಮೇಸನ್ನರ ಮುಷ್ಟಿಯಲ್ಲಿದೆಯೆಂಬ ನಿರ್ಣಯಕ್ಕೆ ಜನರು ಹಾರಿದರು. ಅದರಿಂದ ಹುಟ್ಟಿದ ಮೇಸನ್ ವಿರೋಧಿ ಪಕ್ಷವು 1832ರ ಅಧ್ಯಕ್ಷ ಚುನಾವಣೆಯಲ್ಲಿ ವರ್ಮಾಂಟ್ ರಾಜ್ಯದ 7 ಮತಗಳನ್ನು ಗಳಿಸಿತು. ಅದರ ಅಭ್ಯರ್ಥಿ ವಿಲಿಯಂ ವರ್ಟ್ ಸ್ವತಃ ಹಿಂದೆ ಮೇಸನ್ನನಾಗಿದ್ದನೆಂಬುದು ವಿನೋದದ ಸಂಗತಿ.

ಇಪ್ಪತ್ತನೆಯ ಶತಮಾನದಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿಯ ಪ್ರಕರಣ ಪ್ರಸಿದ್ಧವಾದುದು. 1950ರ ಫೆಬ್ರವರಿ 9ರಂದು ವೀಲಿಂಗ್ ಪಟ್ಟಣದಲ್ಲಿ ಮಾಡಿದ ಭಾಷಣದಲ್ಲಿ, ವಿದೇಶಾಂಗ ಇಲಾಖೆಯಲ್ಲಿರುವ 205 ಮಂದಿ ಕಮ್ಯುನಿಸ್ಟರ ಪಟ್ಟಿ ತನ್ನ ಕೈಯಲ್ಲಿದೆಯೆಂದು ಅವನು ಹೇಳಿದನೆಂದು ಪತ್ರಿಕೆಗಳು ವರದಿಮಾಡಿದವು. ಕೆಲವೇ ದಿನಗಳಲ್ಲಿ ಆ ಸಂಖ್ಯೆ 57 ಆಯಿತು. ಸೆನೆಟ್ಟಿನಲ್ಲಿ 81 ಆಯಿತು. ಸಂಖ್ಯೆ ಬದಲಾದರೂ ಶೀರ್ಷಿಕೆ ಬದಲಾಗಲಿಲ್ಲ. ಅನೇಕರ ಉದ್ಯೋಗ ಹೋಯಿತು, ಮಾನ ಹೋಯಿತು. 1954ರ ಡಿಸೆಂಬರ್ 2ರಂದು ಸೆನೆಟ್ 67ಕ್ಕೆ 22 ಮತಗಳಿಂದ ಅವನನ್ನು ಖಂಡಿಸಿತು. ಇಂಥ ಉದಾಹರಣೆಗಳನ್ನು ಕ್ರೋಡೀಕರಿಸಿ ರಿಚರ್ಡ್ ಹಾಫ್‌ಸ್ಟಾಡ್ಟರ್ ಎಂಬ ಇತಿಹಾಸಕಾರ 1964ರಲ್ಲಿ ಬರೆದ ಪ್ರಬಂಧವು ಈ ವಿಷಯದ ಅಧ್ಯಯನಕ್ಕೆ ಇಂದಿಗೂ ಪ್ರವೇಶದ್ವಾರವಾಗಿದೆ.

ನಿಜವಾದ ಪಿತೂರಿಗಳು

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: “ಬೆಂಕಿಯಿಲ್ಲದೆ ಹೊಗೆಯಾಡುವುದೇ? ಪಿತೂರಿಗಳು ನಡೆದೇ ಇಲ್ಲವೇ?” ನಡೆದಿವೆ, ಅದನ್ನು ಮರೆಮಾಚುವುದು ಸತ್ಯಕ್ಕೆ ದ್ರೋಹ. ಅಲಬಾಮ ರಾಜ್ಯದ ಟಸ್ಕೆಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಇಲಾಖೆಯೇ ಸುಮಾರು 600 ಮಂದಿ ಕಪ್ಪು ಜನರನ್ನು ಪರೀಕ್ಷಾವಸ್ತುಗಳನ್ನಾಗಿ ಮಾಡಿಕೊಂಡಿತು. ಅವರಲ್ಲಿ 399 ಮಂದಿ ಸಿಫಿಲಿಸ್ ರೋಗಿಗಳಾಗಿದ್ದರು. ಪೆನಿಸಿಲಿನ್ ಔಷಧ ಸರ್ವತ್ರ ಬಳಕೆಗೆ ಬಂದ ಮೇಲೂ ಅವರಿಗೆ ಅದನ್ನು ಕೊಡಲಿಲ್ಲ. 1972ರ ಜೂನ್ 17ರಂದು ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ಕನ್ನ ಹಾಕಲಾಯಿತು. ಅದನ್ನು ಮುಚ್ಚಿಹಾಕಲು ಅಧ್ಯಕ್ಷ ನಿಕ್ಸನ್ನರೇ ಕೈಜೋಡಿಸಿದರು.

ಆದರೆ ಇವು ಹೊರಬಂದ ರೀತಿಯನ್ನು ಗಮನಿಸಬೇಕು. ಟಸ್ಕೆಗಿಯ ವಿಚಾರವನ್ನು ಬಯಲಿಗೆ ತಂದದ್ದು ಸುದ್ದಿಸಂಸ್ಥೆಯ ವರದಿ ಮತ್ತು ಇಲಾಖೆಯದೇ ದಾಖಲೆಗಳು. ವಾಟರ್‌ಗೇಟಿನಲ್ಲಿ ಪತ್ರಕರ್ತರು ಸುಳಿವು ಹಿಡಿದರು. ಸೆನೆಟ್ ಸಮಿತಿಯ ಮುಂದೆ ಸಾಕ್ಷಿಗಳು ಪ್ರಮಾಣಮಾಡಿ ನುಡಿದರು. ಧ್ವನಿಮುದ್ರಿಕೆಗಳನ್ನು ಒಪ್ಪಿಸಬೇಕೆಂದು 1974ರ ಜುಲೈ 24ರಂದು ಸುಪ್ರೀಂ ಕೋರ್ಟ್ ಅವಿರೋಧವಾಗಿ ತೀರ್ಪಿತ್ತಿತು. ಆಗಸ್ಟ್ 9ರಂದು ಅಧ್ಯಕ್ಷರು ಪದವಿ ಬಿಟ್ಟಿಳಿದರು. ಇಲ್ಲಿ ಹೇಳಿದವನು ಯಾರೆಂದು ಗೊತ್ತು, ಅವನನ್ನು ಪಾಟೀಸವಾಲಿಗೆ ಒಳಪಡಿಸಬಹುದು, ಸುಳ್ಳಾದರೆ ಶಿಕ್ಷೆಯುಂಟು.

ಗಾಳಿಮಾತಿಗೆ ಇವಾವುವೂ ಇಲ್ಲ. ಮೊದಲು ಹೇಳಿದವನಾರೆಂದು ತಿಳಿಯದೆ ಬಾಯಿಂದ ಬಾಯಿಗೆ ಬಂದ ಮಾತನ್ನು ಶಾಸ್ತ್ರವು ಐತಿಹ್ಯವೆನ್ನುತ್ತದೆ. ಈ ಆಲದ ಮರದಲ್ಲಿ ಯಕ್ಷನಿದ್ದಾನೆಂಬುದು ಅದಕ್ಕೆ ಕೊಡುವ ರೂಢಿಯ ಉದಾಹರಣೆ. ಅದರ ಮೂಲದಲ್ಲಿ ಆಪ್ತನೊಬ್ಬನಿದ್ದರೆ ಅದು ಶಬ್ದಪ್ರಮಾಣದಲ್ಲಿಯೇ ಅಡಗುತ್ತದೆ. ಇಲ್ಲದಿದ್ದರೆ ಪ್ರಮಾಣವೇ ಅಲ್ಲ. ಯಕ್ಷನು ಕಾಣಿಸಲಿಲ್ಲವೆಂದರೆ, ಅವನು ಅಡಗಿಕೊಂಡಿರುವುದೇ ಅವನಿರುವುದಕ್ಕೆ ಸಾಕ್ಷಿ ಎನ್ನುವವನೊಡನೆ ವಾದ ಸಾಧ್ಯವಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿ. ಆದರೆ ಕಂಡದ್ದು ಹೊಗೆಯೋ ಮಂಜೋ ಎಂದು ಮೊದಲು ನಿರ್ಣಯಿಸಬೇಡವೇ?

ವಾದ, ಜಲ್ಪ, ವಿತಂಡ

ರೇಡಿಯೋ, ದೂರದರ್ಶನಗಳು ಬಂದ ಮೇಲೆ ಅಮೆರಿಕದ ಸಂಪರ್ಕ ಆಯೋಗವು 1949ರಲ್ಲಿ ಒಂದು ನಿಯಮವನ್ನು ರೂಪಿಸಿತು. ಪರವಾನಗಿ ಪಡೆದ ಪ್ರಸಾರ ಕೇಂದ್ರಗಳು ಸಾರ್ವಜನಿಕ ಮಹತ್ವದ ವಿವಾದಗಳನ್ನು ಚರ್ಚಿಸಬೇಕು. ಚರ್ಚಿಸುವಾಗ ಭಿನ್ನ ಮತಗಳಿಗೂ ಅವಕಾಶ ಕೊಡಬೇಕು. ಇದು ವಾಕ್‌ಸ್ವಾತಂತ್ರ್ಯಕ್ಕೆ ಅಡ್ಡಿಯೆಂಬ ಕಾರಣದಿಂದ 1987ರಲ್ಲಿ ಅದನ್ನು ಕೈಬಿಡಲಾಯಿತು. ಮರುವರ್ಷವೇ ರಶ್ ಲಿಂಬಾ ಎಂಬವರ ರೇಡಿಯೋ ಮಾತುಗಾರಿಕೆ ದೇಶವ್ಯಾಪಿಯಾಯಿತು. 1996ರಲ್ಲಿ ಎಂಎಸ್‌ಎನ್‌ಬಿಸಿ, ಫಾಕ್ಸ್ ನ್ಯೂಸ್ ವಾಹಿನಿಗಳು ಹುಟ್ಟಿ, ಕಾಲಕ್ರಮದಲ್ಲಿ ಒಂದು ಎಡಕ್ಕೂ ಇನ್ನೊಂದು ಬಲಕ್ಕೂ ವಾಲಿದವು. ಆ ನಿಯಮ ಕೇಬಲ್ ವಾಹಿನಿಗಳಿಗೆ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಎಲ್ಲಕ್ಕೂ ಅದರ ರದ್ದತಿಯೇ ಕಾರಣವೆನ್ನಲಾಗದು. ಪ್ರತಿಯೊಬ್ಬನಿಗೂ ತನಗೆ ಬೇಕಾದ ಸುದ್ದಿಯನ್ನೇ ಆರಿಸಿಕೊಳ್ಳುವ ಅನುಕೂಲ ದೊರೆತದ್ದು ಅದಕ್ಕಿಂತ ದೊಡ್ಡ ಕಾರಣ.

ನಮ್ಮ ಶಾಸ್ತ್ರಕಾರರು ಸಂಭಾಷಣೆಯನ್ನು ಮೂರಾಗಿ ವಿಂಗಡಿಸಿದ್ದಾರೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಕೆಡಹುವುದಷ್ಟೇ ವಿತಂಡ. ಪಕ್ಷಕ್ಕೆ ಕಟ್ಟುಬಿದ್ದ ಪ್ರಸಾರಗಳಲ್ಲಿ ವಾದವು ವಿರಳವಾಗಿ, ಜಲ್ಪವು ದಿನಚರಿಯಾಗಿ, ವಿತಂಡವೇ ಮನರಂಜನೆಯಾಗುತ್ತದೆ.

ಇದರ ಪರಿಣಾಮ 2020ರ ಚುನಾವಣೆಯಲ್ಲಿ ಕಂಡಿತು. ಜೋ ಬೈಡನ್ 306 ಮತಗಳನ್ನೂ ಡೊನಾಲ್ಡ್ ಟ್ರಂಪ್ 232 ಮತಗಳನ್ನೂ ಪಡೆದರು. ಮತಯಂತ್ರಗಳಿಂದ ಫಲಿತಾಂಶ ಕದಿಯಲಾಯಿತೆಂಬ ಕೂಗೆದ್ದಿತು. ಜಾರ್ಜಿಯ ರಾಜ್ಯದಲ್ಲಿ ಮತಗಳನ್ನು ಮೂರು ಬಾರಿ, ಅದರಲ್ಲಿ ಒಮ್ಮೆ ಕೈಯಿಂದಲೇ, ಎಣಿಸಿದರು, ಫಲಿತಾಂಶ ಬದಲಾಗಲಿಲ್ಲ. ಅದನ್ನು ದೃಢಪಡಿಸಿದ ರಾಜ್ಯ ಕಾರ್ಯದರ್ಶಿ ಬ್ರಾಡ್ ರಾಫೆನ್ಸ್‌ಪರ್ಗರ್ ಟ್ರಂಪರ ಪಕ್ಷದವರೇ. ತನ್ನವರ ಸೋಲನ್ನು ಇದ್ದಂತೆ ಹೇಳಿದ ಇಂಥವನನ್ನೇ ಶಾಸ್ತ್ರವು ಆಪ್ತನೆನ್ನುವುದು. ಅವರ ಪಕ್ಷದ ಅನೇಕರಾದರೋ ಅವರನ್ನು ದ್ರೋಹಿಯೆಂದರು. 2021ರ ಜನವರಿ 6ರಂದು ಜನಸಮೂಹವು ಸಂಸತ್ ಭವನಕ್ಕೆ ನುಗ್ಗಿತು. ಆ ಸಂಬಂಧವಾಗಿ ಆರೋಪಕ್ಕೊಳಗಾಗಿದ್ದ ಸುಮಾರು 1,500 ಮಂದಿಗೆ, ಮತ್ತೆ ಅಧ್ಯಕ್ಷರಾದ ಟ್ರಂಪ್ 2025ರ ಜನವರಿ 20ರಂದು ಕ್ಷಮಾದಾನ ನೀಡಿದರು.

ಡೊಮಿನಿಯನ್ ಎಂಬ ಮತಯಂತ್ರ ಸಂಸ್ಥೆ ಫಾಕ್ಸ್ ನ್ಯೂಸ್ ಮೇಲೆ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಹೊರಬಂದ ಪತ್ರವ್ಯವಹಾರವು ಇನ್ನೂ ಬೋಧಪ್ರದವಾಗಿದೆ. ತೆರೆಯ ಮೇಲೆ ಈ ಆರೋಪಗಳಿಗೆ ಅವಕಾಶ ಕೊಡುತ್ತಿದ್ದ ವಾಹಿನಿಯ ಪ್ರಮುಖರಲ್ಲಿ ಹಲವರು ಖಾಸಗಿಯಾಗಿ ಅವನ್ನು ನಂಬಿರಲಿಲ್ಲ. ನಿಜ ನುಡಿದರೆ ಪ್ರೇಕ್ಷಕರು ಬೇರೆ ವಾಹಿನಿಗೆ ಹೋದಾರೆಂಬ ಅಂಜಿಕೆ ಅವರಿಗಿತ್ತು. 2023ರ ಏಪ್ರಿಲ್ 18ರಂದು 78.75 ಕೋಟಿ ಡಾಲರುಗಳನ್ನು ತೆರಲು ಒಪ್ಪಿ ವಾಹಿನಿಯು ರಾಜಿಮಾಡಿಕೊಂಡಿತು. ಆಪ್ತನಿಗೆ ಎರಡು ಲಕ್ಷಣಗಳೆಂದೆವಲ್ಲವೇ? ಅರಿವು ಇದ್ದಿತು; ಅರಿತಂತೆ ನುಡಿಯುವ ಇಚ್ಛೆ ಇರಲಿಲ್ಲ.

ಈ ದೋಷ ಒಂದು ಪಕ್ಷದ ಸ್ವತ್ತಲ್ಲ. 2004ರಲ್ಲಿ ಒಹಾಯೊ ರಾಜ್ಯವನ್ನು ಬುಷ್ ಗೆದ್ದಾಗ ಯಂತ್ರಗಳಲ್ಲಿ ಮೋಸವಾಯಿತೆಂದು ಶಂಕಿಸಿದವರು ಎದುರು ಪಕ್ಷದವರು. ಅಲ್ಲಿಯ ಮತಗಳಿಗೆ 31 ಮಂದಿ ಪ್ರತಿನಿಧಿಗಳೂ ಒಬ್ಬ ಸೆನೆಟರರೂ ಸಂಸತ್ತಿನಲ್ಲಿ ಆಕ್ಷೇಪಣೆ ಎತ್ತಿದರು. 2016ರ ಚುನಾವಣೆಯಲ್ಲಿ ರಷ್ಯ ಕೈಹಾಕಿದ್ದು ನಿಜವೆಂದು ರಾಬರ್ಟ್ ಮ್ಯುಲ್ಲರರ 2019ರ ವರದಿ ಹೇಳಿತು. ಆದರೆ ಟ್ರಂಪರ ಪ್ರಚಾರ ತಂಡವು ರಷ್ಯದೊಡನೆ ಸೇರಿ ಪಿತೂರಿ ನಡೆಸಿತೆಂದು ತನಿಖೆಯಿಂದ ಸ್ಥಾಪಿತವಾಗಲಿಲ್ಲವೆಂದೂ ಅದೇ ವರದಿ ಹೇಳಿತು. ವರದಿಯ ಅರ್ಧವನ್ನು ಒಬ್ಬರೂ ಇನ್ನರ್ಧವನ್ನು ಮತ್ತೊಬ್ಬರೂ ಹಂಚಿಕೊಂಡರು. ಪೂರ್ತಿ ಓದಿದವರು ಸ್ವಲ್ಪವೇ ಮಂದಿ.

ಒಂದು ಶಾಲೆಯ ಕಥೆ

ಇದುವರೆಗೆ ಹೇಳಿದ್ದು ದೊಡ್ಡವರ ಜಗಳ. ಶಾಲೆಯ ಸಂಚಿಕೆಯಲ್ಲಿ ಒಂದು ಶಾಲೆಯ ಕಥೆಯನ್ನು ಹೇಳದೆ ಮುಗಿಸಲಾರೆ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಪಟ್ಟಣದ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ ಬಂದೂಕುಧಾರಿಯೊಬ್ಬನು 20 ಮಕ್ಕಳನ್ನೂ 6 ಮಂದಿ ಸಿಬ್ಬಂದಿಯನ್ನೂ ಕೊಂದನು. ಮಕ್ಕಳೆಲ್ಲರೂ ಆರೇಳು ವರ್ಷದವರು. ಅಲೆಕ್ಸ್ ಜೋನ್ಸ್ ಎಂಬ ಪ್ರಸಾರಕನು, ಇದೆಲ್ಲ ಜನರಿಂದ ಬಂದೂಕುಗಳನ್ನು ಕಸಿಯಲು ಸರ್ಕಾರ ಹೂಡಿದ ನಾಟಕ, ಅಳುತ್ತಿರುವ ತಂದೆತಾಯಿಗಳು ವೇಷಧಾರಿಗಳು ಎಂದು ವರ್ಷಗಟ್ಟಲೆ ಸಾರಿದನು. ನಡುನಡುವೆ ಪೌಷ್ಟಿಕ ಗುಳಿಗೆಗಳನ್ನೂ ಮಾರಿದನು. ಅದನ್ನು ನಂಬಿದವರು ಮಕ್ಕಳನ್ನು ಕಳೆದುಕೊಂಡವರಿಗೆ ಬೆದರಿಕೆ ಹಾಕಿದರು. ನಿಮಗೆ ಮಗುವೇ ಇರಲಿಲ್ಲವೆಂದು ಹಂಗಿಸಿದರು. ಕೆಲವರು ಮನೆ ಬದಲಾಯಿಸಿ ಊರೂರು ಅಲೆಯಬೇಕಾಯಿತು.

ಕೊನೆಗೆ ಆ ತಂದೆತಾಯಿಗಳೇ ನ್ಯಾಯಾಲಯದ ಮೆಟ್ಟಿಲೇರಿದರು. 2022ರ ಆಗಸ್ಟ್ ತಿಂಗಳಲ್ಲಿ ಟೆಕ್ಸಾಸಿನ ನ್ಯಾಯಾಲಯದಲ್ಲಿ, ಆ ಹತ್ಯೆ ನೂರಕ್ಕೆ ನೂರು ನಿಜವೆಂದು ಜೋನ್ಸನೇ ಒಪ್ಪಿಕೊಂಡನು. ಅಕ್ಟೋಬರಿನಲ್ಲಿ ಕನೆಕ್ಟಿಕಟ್ಟಿನ ಜ್ಯೂರಿಯು 96.5 ಕೋಟಿ ಡಾಲರು ಪರಿಹಾರ ವಿಧಿಸಿತು. ಸತ್ಯಕ್ಕೆ ಜಯವಾಯಿತು, ನಿಜ. ಆದರೆ ಸತ್ತ ಮಗು ತನ್ನದೆಂದು ತಾಯಿಯೊಬ್ಬಳು ಸಾಕ್ಷಿಕಟ್ಟೆಯಲ್ಲಿ ನಿಂತು ರುಜುವಾತು ಮಾಡಬೇಕಾದ ಸಮಾಜದ ಸ್ಥಿತಿಯನ್ನು ಏನೆನ್ನೋಣ?

ಆ ಕಥೆಯನ್ನು ನಂಬಿದವರೆಲ್ಲರೂ ಅವಿದ್ಯಾವಂತರೆಂದು ತಿಳಿಯಬಾರದು. ಒಂದು ಎಳೆಯನ್ನು ಇನ್ನೊಂದಕ್ಕೆ ಜೋಡಿಸಬಲ್ಲ ಬುದ್ಧಿ ಅಂಥವರಲ್ಲಿಯೂ ಇರುತ್ತದೆ. ಇಲ್ಲದ್ದು ತನ್ನ ನಿರ್ಣಯವನ್ನೇ ಪರೀಕ್ಷೆಗೊಡ್ಡುವ ಸಂಯಮ. ಓದು ಬರಹವನ್ನು ಕಲಿಸಿದ ಮಾತ್ರಕ್ಕೆ ಅದು ಬಾರದು. ಅದನ್ನು ಪ್ರತ್ಯೇಕವಾಗಿ ಕಲಿಸಬೇಕು.

ಆದ್ದರಿಂದ ನನ್ನ ಶಿಷ್ಯರಿಗೆ ಕೊಟ್ಟ ಉತ್ತರವನ್ನೇ ಸಹೋದ್ಯೋಗಿಗಳಾದ ಅಧ್ಯಾಪಕರ ಮುಂದೆಯೂ ಇಡುತ್ತೇನೆ. ಮಕ್ಕಳಿಗೆ ಇಂಥವರನ್ನು ನಂಬು, ಇಂಥವರನ್ನು ನಂಬಬೇಡ ಎಂದು ಹೇಳಿಕೊಡುವುದು ಬೇಡ. ನಾಲ್ಕು ಪ್ರಶ್ನೆಗಳನ್ನು ಕಲಿಸೋಣ. ಇದನ್ನು ಮೊದಲು ಹೇಳಿದವನು ಯಾರು? ಅವನಿಗೆ ಅದು ತಿಳಿದದ್ದು ಹೇಗೆ? ನಾನು ಇದನ್ನು ನಂಬಿದರೆ ಅವನಿಗೆ ದೊರೆಯುವುದೇನು? ಏನು ಕಂಡುಬಂದರೆ ಇದು ಸುಳ್ಳೆಂದು ನಾನು ಒಪ್ಪುತ್ತೇನೆ? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದವನು ಆಲದ ಮರದ ಯಕ್ಷನಿಗೆ ಒಕ್ಕಲಾದವನು. ಈ ಪ್ರಶ್ನೆಗಳನ್ನು ಎದುರಾಳಿಯ ಮಾತಿಗೆ ಎಲ್ಲರೂ ಕೇಳುತ್ತಾರೆ. ನಮ್ಮವರ ಮಾತಿಗೂ ಕೇಳಿದಾಗಲೇ ವಿದ್ಯೆ ಫಲಿಸಿತೆನ್ನಬೇಕು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಗಾದೆ. ಕಂಡದ್ದಕ್ಕೇ ಈ ಎಚ್ಚರವಾದರೆ ಕೇಳಿದ್ದಕ್ಕೆ ಎಷ್ಟಿರಬೇಕು! ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನೂ ನಡೆಸಿಕೊಂಡು ಬಂದಿರುವ ಶ್ರೀಮಠದ ಈ ವಿದ್ಯಾಲಯದಿಂದ ಹೊರಡುವ ಮಕ್ಕಳು, ಯಾವ ದೇಶದಲ್ಲಿ ನೆಲೆಸಿದರೂ, ಇತರರಿಗೆ ಶಾಸ್ತ್ರಾರ್ಥದಲ್ಲಿ ಆಪ್ತರಾಗಲಿ ಎಂಬುದೇ ನನ್ನ ಹಾರೈಕೆ. ಶರಣು.