ಅಂಗನವಾಡಿಗೆ ಮುನ್ನ ಒಂದು ಪ್ರವಾಸ

ಬೇಸಿಗೆ ರಜೆಯಲ್ಲಿ ತಾಳ್ಯದ ಸುತ್ತಲಿನ ಕುಟುಂಬಗಳು ಚಿತ್ರದುರ್ಗದ ಕೋಟೆಗೋ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರಕ್ಕೋ ತೆರಳುವುದುಂಟು. ಮೂರು ವರ್ಷ ತುಂಬಿ ಅಂಗನವಾಡಿ ಸೇರಲಿರುವ ಮಗುವಿಗೆ ಈ ಪ್ರವಾಸವೇ ಮೊದಲ ಪಾಠವಾಗಬಲ್ಲುದು.

ಹೊಸ ಸ್ಥಳದಲ್ಲಿ ತಾಯಿ ಮಗುವನ್ನು ಅಜ್ಜಿಯ ಬಳಿ ಬಿಟ್ಟು, ‘ಬೇಗ ಬರುವೆ’ನೆಂದು ಹೇಳಿ ಹೋಗಿ, ಹೇಳಿದಂತೆಯೇ ಮರಳಬೇಕು. ಅಗಲಿದ ಅಮ್ಮ ಬಂದೇ ಬರುವಳೆಂಬ ನಂಬಿಕೆ ಹೀಗೆ ಬೇರೂರುತ್ತದೆ. ಹೇಳದೆ ಮರೆಯಾದರೆ ಭಯ ಹೆಚ್ಚುತ್ತದೆ.

ಬಿಸಿಲೇರುವ ಮುನ್ನವೇ ಕೋಟೆ ನೋಡಿ ಇಳಿಯಿರಿ. ಕುದಿಸಿ ಆರಿಸಿದ ನೀರು ಜೊತೆಗಿರಲಿ. ಜಲಾಶಯದ ಬಳಿ ಮಗುವಿನ ಕೈ ಬಿಡದಿರಿ.

ಈ ವಯಸ್ಸಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆಗಳ ನಿದ್ರೆ ಅವಶ್ಯ. ಆದುದರಿಂದ ಅಂಗನವಾಡಿ ಸೇರುವುದಕ್ಕೆ ವಾರ ಮೊದಲೇ ಊರಿಗೆ ಮರಳಿ, ಉಣ್ಣುವ, ಮಲಗುವ, ಏಳುವ ವೇಳೆಗಳನ್ನು ರೂಢಿಗೆ ತನ್ನಿರಿ. ದಣಿಯದ ಮಗುವೂ ಮೊದಲ ದಿನ ಅತ್ತೀತು. ಆದರೆ ಬೇಗ ಸಮಾಧಾನಗೊಳ್ಳುತ್ತದೆ.