ಗೇಮ್ ತಡವರಿಸಿದ್ರೆ ಮೊದಲು ನಂಬರ್ ನೋಡೋಣ

ಹಾಸ್ಟೆಲ್‌ನಲ್ಲಿ ಚೆನ್ನಾಗಿ ಓಡ್ತಿದ್ದ ಗೇಮ್, ರಜೆಗೆ ಗೊರೂರಿನಂಥ ಊರಿಗೆ ಹೋದ ತಕ್ಷಣ ತಡವರಿಸಿದ್ರೆ ನಾವೆಲ್ಲ ಹೇಳೋದು ಒಂದೇ ಮಾತು: "ಲ್ಯಾಗ್ ಆಗ್ತಿದೆ." ಆಮೇಲೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹಾಸನದ ಬಸ್ ಹತ್ತೋದು. ಆದರೆ ಲ್ಯಾಗ್ ಅನ್ನೋದು ಜ್ವರ ಇದ್ದ ಹಾಗೆ, ಕಾರಣ ಬೇರೆ ಬೇರೆ ಇರುತ್ತೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ ಮದರ್‌ಬೋರ್ಡ್‌ಗೇ ಬೆಸುಗೆಯಾಗಿರುತ್ತೆ. ಚಿಪ್ ಹೋಗಿದೆ ಅಂದ್ರೆ ಬೋರ್ಡ್ ಬದಲಾಯಿಸೋ ಖರ್ಚು, ಅದೂ ಅಪ್ಪ-ಅಮ್ಮನ ದುಡ್ಡು. ಅದಕ್ಕೆ ಮುಂಚೆ ಅರ್ಧ ಗಂಟೆ ನಾವೇ ಪರೀಕ್ಷೆ ಮಾಡೋಣ.

1. ಪಿಂಗಾ, ಎಫ್‌ಪಿಎಸ್ಸಾ?

ವ್ಯಾಲೊರಂಟ್‌ನ ವಿಡಿಯೊ ಸೆಟ್ಟಿಂಗ್ಸ್‌ನಲ್ಲಿ 'ಸ್ಟ್ಯಾಟ್ಸ್' ಅಂತ ಇದೆ. ಅಲ್ಲಿ ಎರಡೂ ನಂಬರ್ ಆನ್ ಮಾಡಿ. ಪಿಂಗ್ ಅಂದ್ರೆ ನಮ್ಮ ಸಂದೇಶ ಸರ್ವರ್‌ಗೆ ಹೋಗಿ ಬರೋ ಸಮಯ. ಎಫ್‌ಪಿಎಸ್ ಅಂದ್ರೆ ಲ್ಯಾಪ್‌ಟಾಪ್ ಸೆಕೆಂಡಿಗೆ ಬಿಡಿಸೋ ಚಿತ್ರಗಳ ಸಂಖ್ಯೆ. 60 ಎಫ್‌ಪಿಎಸ್‌ನಲ್ಲಿ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್, 30ರಲ್ಲಿ 33.3. ಪಿಂಗ್ ಏರಿ ಎಫ್‌ಪಿಎಸ್ ಹಾಗೇ ಇದ್ದರೆ ತೊಂದರೆ ನೆಟ್‌ವರ್ಕ್‌ದು. ಗ್ರಾಫಿಕ್ಸ್ ಎಷ್ಟು ಇಳಿಸಿದ್ರೂ ಉಪಯೋಗ ಇಲ್ಲ, ಹಾಟ್‌ಸ್ಪಾಟ್ ಫೋನನ್ನ ಸಿಗ್ನಲ್ ಸಿಗೋ ಕಿಟಕಿ ಹತ್ತಿರ ಇಡಿ. ಪಿಂಗ್ ಸರಿ ಇದ್ದು ಎಫ್‌ಪಿಎಸ್ ಬಿದ್ದಿದ್ರೆ ಮುಂದೆ ಓದಿ.

2. ಯಾವ ಚಿಪ್ ಕೆಲಸ ಮಾಡ್ತಿದೆ?

ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಇರುತ್ತೆ: ಪ್ರೊಸೆಸರ್ ಒಳಗಿನ ಚಿಕ್ಕದು, ಪ್ರತ್ಯೇಕವಾದ ದೊಡ್ಡದು. ಕೆಲವು ಸಲ ಗೇಮ್ ಚಿಕ್ಕದರ ಮೇಲೇ ಓಡ್ತಿರುತ್ತೆ. ಗೊರೂರಿನ ಹೇಮಾವತಿ ಜಲಾಶಯ ತುಂಬಿದ್ರೂ ಗೇಟ್ ತೆಗೆಯದೆ ಕಾಲುವೆಗೆ ನೀರು ಬರಲ್ಲ, ಇದೂ ಹಾಗೇ. ಗೇಮ್ ಓಡ್ತಿರುವಾಗ ಟಾಸ್ಕ್ ಮ್ಯಾನೇಜರ್‌ನ 'ಪರ್ಫಾರ್ಮೆನ್ಸ್' ತೆರೆದು ಯಾವ ಜಿಪಿಯು ದುಡೀತಿದೆ ನೋಡಿ. ದೊಡ್ಡದು ಸುಮ್ಮನಿದ್ರೆ ವಿಂಡೋಸ್ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ಆ ಗೇಮ್‌ಗೆ 'ಹೈ ಪರ್ಫಾರ್ಮೆನ್ಸ್' ಆರಿಸಿ.

3. ಕರೆಂಟು ಮತ್ತು ಬಿಸಿ

ಕರೆಂಟ್ ಹೋಗಿ ಬ್ಯಾಟರಿ ಮೇಲೆ ಆಡಿದ್ರೆ ಲ್ಯಾಪ್‌ಟಾಪ್ ಜಿಪಿಯುಗೆ ಕೊಡೋ ಪವರ್ ಕಡಿಮೆ ಮಾಡುತ್ತೆ, ಎಫ್‌ಪಿಎಸ್ ತಕ್ಷಣ ಇಳಿಯುತ್ತೆ. ಚಾರ್ಜರ್ ಹಾಕಿ ಹೋಲಿಸಿ. ಮೊದಲ ಹತ್ತು ನಿಮಿಷ ಸರಿಯಿದ್ದು ಆಮೇಲೆ ಇಳಿದ್ರೆ ಕಾರಣ ಬಿಸಿ ಇರಬಹುದು. ಚಿಪ್ ತನ್ನನ್ನ ಉಳಿಸಿಕೊಳ್ಳೋಕೆ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತೆ. ಹಾಸಿಗೆ ಮೇಲೆ ಇಟ್ಟರೆ ಗಾಳಿ ಹೋಗೋ ಕಿಂಡಿ ಮುಚ್ಚುತ್ತೆ. ಟೇಬಲ್ ಮೇಲಿಟ್ಟು ಹಿಂಭಾಗ ಸ್ವಲ್ಪ ಎತ್ತರಿಸಿ, ಎಫ್‌ಪಿಎಸ್‌ಗೆ 60ರ ಮಿತಿ ಹಾಕಿ.

4. ಡ್ರೈವರ್

ಅಪ್‌ಡೇಟ್ ಆದ ಮೇಲೇ ತೊಂದರೆ ಶುರುವಾಗಿದ್ರೆ ಡಿವೈಸ್ ಮ್ಯಾನೇಜರ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ ಹಳೆಯದಕ್ಕೆ ಹೋಗಿ. ಆಟದ ನಡುವೆ ಪರದೆ ಕಪ್ಪಾದ್ರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿ, ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತೆ.

5. ಗೆರೆ, ಬಣ್ಣದ ಚುಕ್ಕೆ

ಪರದೆ ಮೇಲೆ ಗೆರೆ ಬಂದ್ರೆ ಸ್ಕ್ರೀನ್‌ಶಾಟ್ ತೆಗೆದು ಫೋನ್‌ನಲ್ಲಿ ನೋಡಿ. ಅಲ್ಲೂ ಗೆರೆ ಇದ್ದರೆ ಗೇಮ್, ಡ್ರೈವರ್ ಅಥವಾ ಚಿಪ್ ಮೇಲೆ ಅನುಮಾನ. ಅಲ್ಲಿ ಇಲ್ಲದಿದ್ರೆ ಹೆಚ್ಚಾಗಿ ಪರದೆ ಅಥವಾ ಅದರ ಕೇಬಲ್. ಈ ಎರಡರ ರಿಪೇರಿ ಖರ್ಚಿಗೆ ತುಂಬಾ ವ್ಯತ್ಯಾಸ ಇದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮುಂಚಿನ ಮತ್ತು ಆಮೇಲಿನ ಎಫ್‌ಪಿಎಸ್ ಲ್ಯಾಬ್ ರೆಕಾರ್ಡ್ ಥರ ಬರೆದಿಡಿ. ನಾಲ್ಕು ಒಟ್ಟಿಗೆ ಬದಲಾಯಿಸಿದ್ರೆ ಯಾವುದು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ. ಇಷ್ಟಾದ್ರೂ ಸರಿಹೋಗದಿದ್ರೆ ಅಂಗಡಿಗೆ ಹೋಗಿ, ಆ ಚೀಟಿ ಜೊತೆಗಿರಲಿ. ಸೆಮಿಸ್ಟರ್ ಶುರುವಾದ್ರೆ ಕ್ಯಾಡ್ ಓಡಬೇಕಿರೋದೂ ಇದೇ ಲ್ಯಾಪ್‌ಟಾಪ್‌ನಲ್ಲಿ ತಾನೇ!