ಎಷ್ಟನೇ ಪುಟದಲ್ಲಿದ್ದೀರಿ?

ಗಾಂಧಿಬಜಾರಿನಲ್ಲಿ ನಿಂತು 'ವೈಜ್ಞಾನಿಕ ಕಾದಂಬರಿ ಓದುವವರು ಯಾರಾದರೂ ಇದ್ದೀರಾ?' ಎಂದು ಕೇಳಿ ನೋಡಿ, ಒಂದು ಕೈಯೂ ಮೇಲೇಳುವುದಿಲ್ಲ. ಅದೇ ಜನರನ್ನು ಒಬ್ಬೊಬ್ಬರನ್ನಾಗಿ ಮಾತಿಗೆಳೆದು 'ಈಗ ಏನು ಓದ್ತಾ ಇದ್ದೀರಿ ಸಾರ್?' ಎಂದರೆ ವಿಷಯವೇ ಬೇರೆ. ಒಬ್ಬರ ಚೀಲದಲ್ಲಿ ಅಸಿಮೋವ್ ಇರುತ್ತಾನೆ. ಇನ್ನೊಬ್ಬರು ಭೈರಪ್ಪನವರ 'ಯಾನ'ವನ್ನು ಮತ್ತೆ ಹಿಡಿದಿರುತ್ತಾರೆ. ಮತ್ತೊಬ್ಬರು ಮೊಮ್ಮಗಳ ಹ್ಯಾರಿ ಪಾಟರನ್ನು ಅವಳು ಸ್ಕೂಲಿಗೆ ಹೋದ ಮೇಲೆ ತೆಗೆದು, ಬರುವ ಹೊತ್ತಿಗೆ ಎಲ್ಲಿತ್ತೋ ಅಲ್ಲೇ ಇಟ್ಟುಬಿಡುತ್ತಾರೆ. ನಮ್ಮ ಹಳೇ ಬಡಾವಣೆಗಳಲ್ಲಿ ಈ ಓದಿಗೇನೂ ಬರವಿಲ್ಲ, ಒಪ್ಪಿಕೊಳ್ಳಲು ಸಂಕೋಚ ಅಷ್ಟೆ. ಡಿವಿಜಿ, ಮಾಸ್ತಿ ನಡೆದಾಡಿದ ಬೀದಿಯಲ್ಲಿ ಹಾರುವ ತಟ್ಟೆ ಹಿಡಿದುಕೊಂಡು ಓಡಾಡುವುದು ಹೇಗೆ!

ನಮ್ಮ ಗುಂಪು ಹುಟ್ಟಿದ್ದು ಬುಧವಾರಗಳಿಂದ. ಎಚ್. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರ ಸಂಜೆ ಉಪನ್ಯಾಸ ಇಟ್ಟುಕೊಂಡು ಬಂದಿದೆ. ಉಪನ್ಯಾಸ ಮುಗಿದರೂ ಒಂದಷ್ಟು ಜನ ಮನೆ ಕಡೆ ಹೊರಡದೆ ಗೇಟಿನ ಹತ್ತಿರವೇ ನಿಂತಿರುತ್ತಾರೆ. ಕಪ್ಪುಕುಳಿ, ಜೀನು, ರೋಬೋ ಎಂದು ಒಳಗೆ ಕೇಳಿದ ಮಾತು ಹೊರಗೆ ಬಂದಾಗ ಕಥೆಯ ಕಡೆಗೆ ಹೊರಳುತ್ತದೆ. 'ಇದನ್ನೇ ಕ್ಲಾರ್ಕ್ ಒಂದು ಕಥೇಲಿ ಬರೆದಿದ್ದಾನೆ ಕಣ್ರೀ' ಎಂದು ಯಾರೋ ಶುರು ಮಾಡುತ್ತಾರೆ. ಗೇಟಿನಿಂದ ಬೈಟು ಕಾಫಿಗೆ, ಕಾಫಿಯಿಂದ ತಿಂಗಳಿಗೊಂದು ಭಾನುವಾರಕ್ಕೆ ಅದು ಬೆಳೆಯಿತು. ಕೂರುವ ಜಾಗ ಮಾತ್ರ ಮಲ್ಲೇಶ್ವರದ ಒಂದು ಹಳೇ ಮನೆಯ ಹಜಾರ. ಆ ಮನೆಯ ಯಜಮಾನತಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು, ನಮಗೆಲ್ಲ ಟೀಚರಮ್ಮ. ಮಂಡಿನೋವು, ಹೊರಗೆ ಓಡಾಡುವುದು ಕಷ್ಟ. ಬಸವನಗುಡಿಯವರು ಮೊದಮೊದಲು ಗೊಣಗಿಕೊಂಡೇ ಹಸಿರು ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿಯುತ್ತಿದ್ದರು. ನಾನು ಚಾಮರಾಜಪೇಟೆಯವನು, ಎರಡೂ ಕಡೆಗೆ ಹೊರಗಿನವನೇ.

ಮೊದಲು ನಾವೆಲ್ಲ ಮೆಚ್ಚಿನ ಪುಸ್ತಕದ ಬಗ್ಗೆ ಮಾತಾಡುತ್ತಿದ್ದೆವು. ಅದರಷ್ಟು ಬೇಸರದ ಸಂಗತಿ ಇನ್ನೊಂದಿಲ್ಲ. ಮೆಚ್ಚಿನ ಪುಸ್ತಕವೆಂದರೆ ಪ್ರತಿಯೊಬ್ಬರೂ ಅಭಿನಂದನಾ ಭಾಷಣಕ್ಕೆ ನಿಲ್ಲುತ್ತಾರೆ. ಕೇಳಿ ಕೇಳಿ ಸಾಕಾದ ಟೀಚರಮ್ಮ ಒಂದು ದಿನ, 'ಅದೆಲ್ಲ ಇರಲಿ, ಈಗ ಕೈಯಲ್ಲಿರೋದು ಯಾವುದು? ಎಷ್ಟನೇ ಪುಟದಲ್ಲಿದ್ದೀರಿ?' ಎಂದು ಕೇಳಿದರು. ಅವತ್ತಿನಿಂದ ಮಾತಿನ ಚಹರೆಯೇ ಬದಲಾಯಿತು. ಅರ್ಧ ಓದಿದವರು ತೀರ್ಪು ಕೊಡುವಂತಿಲ್ಲ. ಅವರ ಹತ್ತಿರ ಇರುವುದು ಅನುಮಾನ, ಊಹೆ, ಸಿಟ್ಟು. 'ನೂರು ಪುಟ ಆಯ್ತು, ಇನ್ನೂ ಯಾರು ಯಾರ ಮಗ ಅಂತ ಗೊತ್ತಾಗಿಲ್ಲ' ಎಂದು ಟೋಲ್ಕಿನ್ ಓದುತ್ತಿದ್ದ ಬ್ಯಾಂಕಿನವರು ಧೈರ್ಯವಾಗಿ ಹೇಳಿದ್ದು ಆಮೇಲೆಯೇ. ಇಂಥ ಗುಂಪು ಕಟ್ಟಬೇಕೆನ್ನುವವರಿಗೆ ನಾನು ಹೇಳುವ ಮೊದಲ ಮಾತು ಇದೇ: ಮುಗಿಸಿದ ಪುಸ್ತಕದ ಬಗ್ಗೆ ಕೇಳಬೇಡಿ.

ಎರಡನೆಯ ಏರ್ಪಾಡೂ ಟೀಚರಮ್ಮನಿಂದಲೇ ಬಂತು. ಇಂಗ್ಲಿಷಿನಲ್ಲಿ ಓದಿದರೂ ಕನ್ನಡದಲ್ಲೇ ಹೇಳಬೇಕು, ಅವರಿಗೆ ತಿಳಿಯುವಂತೆ ಹೇಳಬೇಕು. ಬರೀ ಯಂತ್ರಗಳ ಮೇಲೆ ನಿಂತ ಪುಸ್ತಕಗಳು ಈ ಪರೀಕ್ಷೆಯಲ್ಲಿ ಎರಡು ನಿಮಿಷಕ್ಕೇ ಖಾಲಿಯಾಗುತ್ತಿದ್ದವು. ಕೆಲವು ಮಾತ್ರ ಹೇಳಿದಷ್ಟೂ ಬೆಳೆಯುತ್ತಿದ್ದವು.

ಹಾಗೆ ಬೆಳೆದದ್ದು ಅರ್ಸುಲಾ ಲೆ ಗ್ವಿನ್ ಅವರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್'. 1969ರ ಕಾದಂಬರಿ. ಹತ್ತಿರದ ಪಿಜಿಯಲ್ಲಿದ್ದ, ಸಾಫ್ಟ್‌ವೇರ್ ಕೆಲಸದ ಹುಡುಗಿಯೊಬ್ಬಳು ಓದುತ್ತಿದ್ದಳು. ಹಿಮ ತುಂಬಿದ ಒಂದು ಗ್ರಹ, ಅಲ್ಲಿಯವರು ಗಂಡೂ ಅಲ್ಲ, ಹೆಣ್ಣೂ ಅಲ್ಲ. ತಿಂಗಳಿಗೆ ಕೆಲವು ದಿನ ಮಾತ್ರ ಎರಡರಲ್ಲಿ ಒಂದಾಗುತ್ತಾರೆ, ಯಾವುದಾಗುತ್ತಾರೆಂದು ಅವರಿಗೂ ಮೊದಲೇ ತಿಳಿಯದು. ಅಲ್ಲಿನ ರಾಜ ಬಸಿರಾಗುತ್ತಾನೆ. ಇಷ್ಟು ಹೇಳಿ ಹುಡುಗಿ ಅಜ್ಜಿ ಬೆಚ್ಚಿಬೀಳುತ್ತಾರೆಂದು ಕಾದಳು. ಟೀಚರಮ್ಮ ಬೆಚ್ಚಲಿಲ್ಲ. 'ಮಾಂಧಾತನ ಕಥೆ' ಎಂದರು.

ಯುವನಾಶ್ವ ರಾಜನಿಗೆ ಮಕ್ಕಳಿಲ್ಲ. ರಾಣಿಗೆಂದು ಋಷಿಗಳು ಮಂತ್ರಿಸಿಟ್ಟ ನೀರನ್ನು ರಾತ್ರಿ ಬಾಯಾರಿ ತಾನೇ ಕುಡಿದುಬಿಟ್ಟ. ಬಸಿರಾದ. ಪಕ್ಕೆ ಸೀಳಿಕೊಂಡು ಮಗು ಬಂತು, ಅವನೇ ಮಾಂಧಾತ. ಹಾಲು ಕೊಡುವವರು ಯಾರು? ಇಂದ್ರ ಬಂದು ತನ್ನ ಬೆರಳು ಚೀಪಿಸಿದ. ಮಹಾಭಾರತದ ವನಪರ್ವದಲ್ಲಿದೆ. ತಿಂಗಳು ಗಂಡು, ತಿಂಗಳು ಹೆಣ್ಣಾಗಿ ಬದುಕಿದ ಇಳೆಯ ಕಥೆಯನ್ನೂ ಟೀಚರಮ್ಮ ಜೊತೆಗೇ ಹೇಳಿದರು.

ಇಂಥ ಹೊತ್ತಿನಲ್ಲಿ ಬೆಂಗಳೂರಿನ ಯಾವ ಸಭೆಯಲ್ಲಾದರೂ ಒಬ್ಬರು 'ನೋಡಿ, ನಮ್ಮಲ್ಲಿ ಎಲ್ಲ ಆಗಲೇ ಇತ್ತು' ಎನ್ನುತ್ತಾರೆ, ಮಾತು ಅಲ್ಲಿಗೆ ಸಾಯುತ್ತದೆ. ನಮ್ಮಲ್ಲೂ ಒಬ್ಬರು ಅಂದರು. ಟೀಚರಮ್ಮ ಬಿಡಲಿಲ್ಲ. 'ಇಲ್ಲ, ಎರಡೂ ಬೇರೆ. ಯುವನಾಶ್ವನಿಗೆ ಆದದ್ದು ಅವನೊಬ್ಬನಿಗೆ. ಒಬ್ಬರಿಗಾದರೆ ಪವಾಡ. ಈ ಹುಡುಗಿ ಹೇಳೋ ಊರಲ್ಲಿ ಎಲ್ಲರಿಗೂ ಹಾಗೇ. ಎಲ್ಲರಿಗೂ ಆದರೆ ಅದಕ್ಕೊಂದು ವ್ಯವಸ್ಥೆ ಬೇಕಲ್ಲ? ಬಾಣಂತನ ಯಾರು ಮಾಡ್ತಾರೆ? ಕೆಲಸಕ್ಕೆ ರಜಾ ಕೊಡ್ತಾರಾ?'

ಕೊಡುತ್ತಾರೆ. ಆ ದಿನಗಳಲ್ಲಿ ಅಲ್ಲಿ ಎಲ್ಲರಿಗೂ ರಜೆ, ಮತ್ತು ಯಾರು ಬೇಕಾದರೂ ಹೆರಬಹುದಾದ್ದರಿಂದ ಹೆರುವವರು, ದುಡಿಯುವವರು ಎಂಬ ಎರಡು ಜಾತಿಯೇ ಇಲ್ಲ. ಹುಡುಗಿ ಪುಟ ಹುಡುಕಿ ತೋರಿಸಿದಳು. ನಾನು ಬಹಳ ವರ್ಷಗಳಿಂದ ಈ ಬಗೆಯ ಪುಸ್ತಕ ಓದಿಕೊಂಡು ಬಂದವನು, ಆದರೂ ಅವುಗಳನ್ನು ಅಳೆಯಲು ಇಷ್ಟು ಒಳ್ಳೆಯ ಕೋಲು ನನಗೆ ಸಿಕ್ಕಿರಲಿಲ್ಲ. ಅವತ್ತಿನಿಂದ ಯಾವ ಕಲ್ಪಿತ ಲೋಕಕ್ಕೆ ಹೋದರೂ ನಾನು ಮೊದಲು ಕೇಳುವುದು ಅಲ್ಲಿ ನೀರು ಎಲ್ಲಿಂದ ಬರುತ್ತದೆ, ಮುಸುರೆ ಯಾರು ತಿಕ್ಕುತ್ತಾರೆ ಎಂದು.

ನೀರಿನ ಮಾತು ಬಂದದ್ದು 2024ರ ಮಾರ್ಚಿನಲ್ಲಿ. ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ ಬತ್ತಿ ಜನ ಟ್ಯಾಂಕರಿಗೆ ಕಾಯುತ್ತಿದ್ದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಆಗ ಒಬ್ಬ ಕಾಲೇಜು ಹುಡುಗ, ಸಿನಿಮಾ ನೋಡಿಕೊಂಡು ಬಂದ ಹುಮ್ಮಸ್ಸಿನಲ್ಲಿ, ಫ್ರಾಂಕ್ ಹರ್ಬರ್ಟ್ 1965ರಲ್ಲಿ ಬರೆದ 'ಡ್ಯೂನ್' ಓದುತ್ತಿದ್ದ. ಮರಳೇ ಮರಳಿನ ಗ್ರಹ. ಬೆವರು, ಉಸಿರಿನ ತೇವವನ್ನೂ ಹಿಡಿದು ಮತ್ತೆ ಕುಡಿಯಲು ಕೊಡುವ ಉಡುಪು. ಸತ್ತವರ ಮೈಯಲ್ಲಿರುವ ನೀರು ಬಳಗಕ್ಕೆ ಸೇರಿದ್ದು. ಒಬ್ಬ ಮುಖಂಡ ಬಂದು ಮೇಜಿನ ಮೇಲೆ ಉಗುಳುತ್ತಾನೆ, ಅದು ಮರ್ಯಾದೆ: ತನ್ನ ನೀರನ್ನೇ ಕೊಟ್ಟಂತೆ. 'ಹಾಗಾದ್ರೆ ಮೆಜೆಸ್ಟಿಕ್ಕಿನಲ್ಲಿ ನಮಗೆ ಎಷ್ಟೊಂದು ಮರ್ಯಾದೆ!' ಎಂದು ಬ್ಯಾಂಕಿನವರು ನಗಿಸಿದರು.

ಜಲಮಂಡಳಿಯಲ್ಲಿ ದುಡಿದು ನಿವೃತ್ತರಾದ ಒಬ್ಬರು ನಮ್ಮಲ್ಲಿದ್ದಾರೆ. ಕಥೆ ಪುಸ್ತಕ ಮುಟ್ಟುವವರಲ್ಲ, ಹೆಂಡತಿಯನ್ನು ಕರೆದುಕೊಂಡು ಬಂದು ಮೂಲೆಯಲ್ಲಿ ಪೇಪರ್ ಓದುತ್ತಾರೆ. ಅವತ್ತು ಪೇಪರ್ ಮಡಚಿದರು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಬರಬೇಕು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಎತ್ತಿ, ಒಟ್ಟು ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೇರಿಸಿ ಊರಿಗೆ ತರಬೇಕು ಎಂದು ಬೆರಳಿನಿಂದ ನೆಲದ ಮೇಲೆ ಗೀರಿ ತೋರಿಸಿದರು. 'ಇದನ್ನ ಕಾದಂಬರೀಲಿ ಬರೆದಿದ್ರೆ ನೀವು ನಂಬ್ತಿದ್ರಾ?' ಎಂದರು. ಹುಡುಗ ಪುಸ್ತಕವನ್ನು ಅವರ ಕೈಗೇ ಕೊಟ್ಟ. ಅವರು ಓದಿದರೋ ಇಲ್ಲವೋ ಹೇಳಲಿಲ್ಲ, ಪುಸ್ತಕ ಮಾತ್ರ ಬೇಗ ವಾಪಸು ಬರಲಿಲ್ಲ.

ಬೆಂಗಳೂರಿನದೇ ಕಥೆಯೂ ಬಂತು. ಲಾವಣ್ಯ ಲಕ್ಷ್ಮೀನಾರಾಯಣ್ ಅವರ 'ದಿ ಟೆನ್ ಪರ್ಸೆಂಟ್ ಥೀಫ್'. 2020ರಲ್ಲಿ ಇಲ್ಲಿ 'ಅನಲಾಗ್/ವರ್ಚುವಲ್' ಎಂಬ ಹೆಸರಿನಲ್ಲಿ ಬಂದಿದ್ದ ಪುಸ್ತಕ, 2024ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೂ ಹೋಯಿತು. ಅದರಲ್ಲಿ ಬೆಂಗಳೂರಿನ ಹೆಸರು ಏಪೆಕ್ಸ್ ಸಿಟಿ. ಒಂದು ಕಂಪನಿ ಊರಿನವರನ್ನೆಲ್ಲ ಬೆಲ್ ಕರ್ವ್ ಮೇಲೆ ಕೂರಿಸಿ, ಕೆಳಗಿನ ಹತ್ತು ಪರ್ಸೆಂಟನ್ನು ಹೊರಗೆ ಹಾಕುತ್ತದೆ. ಪಿಜಿ ಹುಡುಗಿ, 'ಇದು ಭವಿಷ್ಯ ಅಲ್ಲ ಅಜ್ಜಿ, ನಮ್ಮ ಅಪ್ರೈಸಲ್ಲು' ಎಂದಳು. ಅದರ ಬಗ್ಗೆ ಹೆಚ್ಚು ಚರ್ಚೆ ನಡೆಯಲಿಲ್ಲ. ಅಲ್ಲಿದ್ದ ಕಿರಿಯರೆಲ್ಲ ಸುಮ್ಮನಾಗಿಬಿಟ್ಟರು.

ಹೆಚ್ಚು ಜಗಳವಾದದ್ದು 'ಯಾನ'ದ ಮೇಲೆ. ಭೈರಪ್ಪನವರಂಥವರು 2014ರಲ್ಲಿ ಸೌರಮಂಡಲದ ಆಚೆಗೆ ಹೊರಟ ನೌಕೆಯ ಕಾದಂಬರಿ ಬರೆದದ್ದರಿಂದ ನಮ್ಮ ಬೀದಿಗಳಿಗೆ ಒಂದು ಉಪಕಾರವಾಯಿತು: ಹಾರುವ ತಟ್ಟೆಯ ಸಂಕೋಚ ತುಸುವಾದರೂ ಕಡಿಮೆಯಾಯಿತು. ಎಚ್‌ಎಎಲ್‌ನಿಂದ ನಿವೃತ್ತರಾದ ಎಂಜಿನಿಯರೊಬ್ಬರು ಮೊದಲ ಅಧ್ಯಾಯಗಳಲ್ಲೇ ನಿಂತುಬಿಟ್ಟಿದ್ದರು. ನೌಕೆ ಹೊರಟಿರುವುದು ಪ್ರಾಕ್ಸಿಮಾ ಸೆಂಟಾರಿ ಕಡೆಗೆ, ಅಂದರೆ 4.24 ಜ್ಯೋತಿರ್ವರ್ಷ. 1977ರಲ್ಲಿ ಹಾರಿಸಿದ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಆ ಲೆಕ್ಕದಲ್ಲಿ ಅಲ್ಲಿಗೆ ತಲುಪಲು ಎಷ್ಟು ಬೇಕು? ಮದುವೆ ಕರೆಯೋಲೆಯ ಹಿಂದೆ ಗುಣಿಸಿ, ಭಾಗಿಸಿ, ಸುಮಾರು 75,000 ವರ್ಷ ಎಂದು ತೋರಿಸಿದರು. ಕಾದಂಬರಿಕಾರರು ಎಲ್ಲೋ ಒಂದು ಕಡೆ ಭೌತಶಾಸ್ತ್ರದಿಂದ ಸಾಲ ಎತ್ತಲೇಬೇಕು, ಆ ಸಾಲ ಎಲ್ಲಿ ಎತ್ತಿದ್ದಾರೆಂದು ಹುಡುಕುತ್ತಿದ್ದೇನೆ ಎಂದರು.

ಅದೇ ಪುಸ್ತಕದಲ್ಲಿ ಬಹಳ ಮುಂದೆ ಹೋಗಿದ್ದ ಒಬ್ಬರು, ಎರಡು ಮಕ್ಕಳ ತಾಯಿ, ಕರೆಯೋಲೆಯ ಕಡೆ ತಿರುಗಿಯೂ ನೋಡಲಿಲ್ಲ. 'ಲೆಕ್ಕ ತಪ್ಪಿದ್ರೆ ತಪ್ಪಲಿ ಬಿಡಿ ಸಾರ್. ಆಕಾಶ್, ಮೇದಿನಿ ಆ ನೌಕೇಲೇ ಹುಟ್ಟಿದ್ರಲ್ಲ, ಭೂಮಿ ನೋಡಿಲ್ಲ, ಇನ್ನೊಂದು ಮನೆ ನೋಡಿಲ್ಲ. ಅವರನ್ನ ಯಾರು ಕೇಳಿದ್ರು?' ಎಂಜಿನಿಯರು, 'ಮಕ್ಕಳನ್ನ ಎಲ್ಲಾದರೂ ಕೇಳಿ ಹುಟ್ಟಿಸ್ತಾರೇನಮ್ಮಾ?' ಎಂದರು. ಆಕೆ, 'ಹುಟ್ಟಿಸೋದು ಬೇರೆ. ಇನ್ಯಾರೋ ಬರೆದ ಪ್ಲಾನಿಗೆ ಹುಟ್ಟಿಸೋದು ಬೇರೆ' ಎಂದರು. ಆಮೇಲೆ ಗಂಟೆಗಟ್ಟಲೆ ಎಳೆದದ್ದು ನೌಕೆಯ ಮಾತಲ್ಲ. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಕ್ಕಳು, ಹಳ್ಳಿ ಬಿಟ್ಟು ಚಾಮರಾಜಪೇಟೆ ಸೇರಿದ ಅಪ್ಪಂದಿರು, ಯಾರು ಯಾರನ್ನು ಕೇಳಿ ಹೊರಟರು ಎಂಬ ಮಾತು. ನನ್ನ ಮಟ್ಟಿಗೆ 'ಯಾನ'ದ ಸಂಭಾಷಣೆಗಳು ತುಸು ಶುಷ್ಕ. ಆದರೆ ಒಂದು ಹಜಾರದ ತುಂಬ ಜನರನ್ನು ಹೀಗೆ ಅಲ್ಲಾಡಿಸಿದ ಪುಸ್ತಕವನ್ನು ಶುಷ್ಕ ಎಂದಷ್ಟೇ ಹೇಳಿ ಮುಗಿಸಲು ಆಗುವುದಿಲ್ಲ.

ಟೀಚರಮ್ಮನ ಕೋಲು ಹಿಡಿದು ಹಳೆಯ ಕನ್ನಡ ಪುಸ್ತಕಗಳನ್ನು ಮತ್ತೆ ತೆಗೆದರೆ ಮಜವಾಗಿರುತ್ತದೆ. 'ಮೂಕಜ್ಜಿಯ ಕನಸುಗಳು' ನೋಡಿ. ಹಳೇ ವಸ್ತು ಮುಟ್ಟಿದರೆ ಅಜ್ಜಿಗೆ ಅದರ ಪೂರ್ವವೆಲ್ಲ ಕಾಣುತ್ತದೆ. 'ಅಜ್ಜಿ ಒಬ್ಬಳಿಗೆ ಕಂಡಿದ್ದಕ್ಕೆ ಸರಿಹೋಯ್ತು. ಊರಿಗೆಲ್ಲ ಕಂಡಿದ್ದರೆ ಮೂಡೂರಿನಲ್ಲಿ ಯಾರೂ ಯಾರ ಮನೆ ಪಾತ್ರೇನೂ ಮುಟ್ತಿರಲಿಲ್ಲ, ಕಾರಂತರು ಬೇರೆ ಕಾದಂಬರಿ ಬರೀಬೇಕಾಗ್ತಿತ್ತು' ಎಂದರು ಟೀಚರಮ್ಮ. ತೇಜಸ್ವಿಯವರ 'ಕರ್ವಾಲೊ' ಇದಕ್ಕೆ ತಿರುಗುಮುರುಗು. ಹಾರುವ ಓತಿ ಪವಾಡವೇ ಅಲ್ಲ, ಪಶ್ಚಿಮಘಟ್ಟದಲ್ಲಿ ಮರದಿಂದ ಮರಕ್ಕೆ ತೇಲುವ ಓತಿ ಇಂದಿಗೂ ಇದೆ. ಮಂದಣ್ಣ, ಪ್ರಭಾಕರ, ಬಿರ್ಯಾನಿ ಕರಿಯಪ್ಪ ಎಂಬ ಸಾಧಾರಣ ಮಂದಿಯನ್ನು ಕಟ್ಟಿಕೊಂಡು ಕಾಡಿಗೆ ನಡೆದ ಮೇಲೆ ಅದು ಅದ್ಭುತವಾಗುತ್ತದೆ. 1980ರ ಈ ಪುಸ್ತಕವನ್ನು ವೈಜ್ಞಾನಿಕ ಕಾದಂಬರಿ ಎನ್ನಬೇಕೋ ಬೇಡವೋ ಎಂದು ನಮ್ಮಲ್ಲಿ ಎರಡು ಪಕ್ಷಗಳಿವೆ. ನಾನು ಎನ್ನಬೇಕು ಎನ್ನುವ ಪಕ್ಷ.

ಒಂದು ಕೊರಗಿದೆ. ಭೌತಶಾಸ್ತ್ರದ ಮೇಷ್ಟ್ರಾಗಿದ್ದ ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವೈಜ್ಞಾನಿಕ ಕಥೆಯನ್ನೇ ಕೈಗೆತ್ತಿಕೊಂಡು ಬರೆದವರು. ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಬಾಳ ಫೋಂಡಕೆ ಸಂಪಾದಿಸಿದ, 1993ರಲ್ಲಿ ಬಂದ ಭಾರತೀಯ ವೈಜ್ಞಾನಿಕ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಅವರದೂ ಒಂದು ಕಥೆಯಿದೆ. ನಮ್ಮ ಗುಂಪಿನ ಕಿರಿಯರು ಅವರನ್ನು ಮೊದಲು ಓದಿದ್ದು ಆ ಇಂಗ್ಲಿಷಿನಲ್ಲೇ. ಕನ್ನಡದ ಪ್ರತಿಗಾಗಿ ನಾನು ಹಳೇ ಪುಸ್ತಕದಂಗಡಿಗಳನ್ನು ಸುತ್ತಿದೆ; ಸಿಕ್ಕಿದ್ದು ಚಂದಮಾಮದ ಬೈಂಡುಗಳು. ಅವನ್ನೇ ಮನೆಗೆ ತಂದು ಬೇತಾಳ ಕಥೆ ಓದಿದೆ, ದೂರು ಹೇಳುವಂತಿಲ್ಲ.

ಸದ್ಯ ನಮ್ಮಲ್ಲಿ ಜೋರಾಗಿ ಓಡುತ್ತಿರುವುದು ಕೆ.ಎನ್. ಗಣೇಶಯ್ಯನವರ ಕಾದಂಬರಿಗಳು. ಕೃಷಿ ವಿಜ್ಞಾನಿಯಾದ್ದರಿಂದ ಅವರು ಕಥೆಗೂ ಅಡಿಟಿಪ್ಪಣಿ, ಆಕರ, ಫೋಟೋ ಕೊಡುತ್ತಾರೆ. ಎಚ್‌ಎಎಲ್ ಎಂಜಿನಿಯರು ಈಗ 'ಕರಿಸಿರಿಯಾನ' ಹಿಡಿದಿದ್ದಾರೆ. ಒಂದೊಂದು ಟಿಪ್ಪಣಿ ಬಂದಾಗಲೂ ಪುಸ್ತಕ ಮಡಚಿಟ್ಟು, ಗೋಖಲೆ ಸಂಸ್ಥೆಯ ಲೈಬ್ರರಿಗೋ ಸಾಹಿತ್ಯ ಪರಿಷತ್ತಿಗೋ ಹೋಗಿ ಆ ಆಕರ ನಿಜವಾಗಿ ಇದೆಯೇ ಎಂದು ನೋಡಿಕೊಂಡು ಬರುತ್ತಾರೆ. ಹೋದ ತಿಂಗಳು 'ಎಷ್ಟನೇ ಪುಟ?' ಎಂದು ಕೇಳಿದ್ದಕ್ಕೆ ನಲವತ್ತು ಎಂದರು. ಈ ತಿಂಗಳೂ ನಲವತ್ತೇ. ಟೀಚರಮ್ಮ ಆ ಪುಸ್ತಕಕ್ಕೆ ತಮ್ಮ ಸರದಿ ಕಾಯುತ್ತಿದ್ದಾರೆ, ಅವರಿಗೆ ಅಡಿಟಿಪ್ಪಣಿ ಬೇಡವಂತೆ.